ಯಾವ ಬೈಬಲ್ಲನ್ನು ಓದುವುದು?

ಧರ್ಮಗ್ರಂಥವನ್ನು ಭಾಷಾಂತರದಲ್ಲಿ ಓದುವುದು ನಮ್ಮ ಪಾಠಶಾಲೆಯ ಸಂಪ್ರದಾಯಕ್ಕೆ ಅಷ್ಟಾಗಿ ಒಗ್ಗಿದ ಮಾತಲ್ಲ. ವೇದದಲ್ಲಿ ಅರ್ಥಕ್ಕೆ ಇರುವಷ್ಟೇ ಪ್ರಾಮಾಣ್ಯ ಶಬ್ದಕ್ಕೂ ಉಂಟು. ಸ್ವರವೊಂದು ಜಾರಿದರೂ ಮಂತ್ರ ಕೆಟ್ಟಿತೆಂದು ನಮ್ಮ ಗುರುಗಳು ಬೆತ್ತವನ್ನೆತ್ತುತ್ತಿದ್ದರು. ಅಂತಹ ಸನ್ನಿವೇಶದಲ್ಲಿ ಅಕ್ಷರ ಕಲಿತ ನನ್ನಂಥವನಿಗೆ, ಒಂದು ಮತದ ಬಹುಪಾಲು ಜನರು ತಮ್ಮ ಶ್ರುತಿಯನ್ನು ಭಾಷಾಂತರದಲ್ಲಿಯೇ ಓದಿ, ಭಾಷಾಂತರದಲ್ಲಿಯೇ ಬಾಯಿಪಾಠ ಮಾಡಿ, ಭಾಷಾಂತರದಲ್ಲಿಯೇ ಕಣ್ಣೀರು ಸುರಿಸುತ್ತಾರೆಂಬುದು ವಿಸ್ಮಯದ ಸಂಗತಿಯಾಗಿತ್ತು.

ಸ್ವಲ್ಪ ವಿಚಾರಮಾಡಿದರೆ ಇದರ ಕಾರಣ ಹೊಳೆಯುತ್ತದೆ. ಕ್ರೈಸ್ತರ ಹಳೆಯ ಒಡಂಬಡಿಕೆಯ ಮೂಲ ಹೀಬ್ರೂ ಭಾಷೆ, ಅದರಲ್ಲಿ ಅಲ್ಪಭಾಗ ಅರಮಾಯಿಕ್. ಹೊಸ ಒಡಂಬಡಿಕೆಯ ಮೂಲ ಗ್ರೀಕ್. ಯೇಸುಕ್ರಿಸ್ತನು ಗಲಿಲಾಯದ ಜನರೊಡನೆ ಆಡುತ್ತಿದ್ದುದು ಅರಮಾಯಿಕ್ ನುಡಿಯೆಂಬುದು ವಿದ್ವಾಂಸರ ಸಾಮಾನ್ಯಾಭಿಪ್ರಾಯ. ಹಾಗಾದರೆ ಅವನ ಉಪದೇಶವು ಗ್ರೀಕ್ ಸುವಾರ್ತೆಗಳಲ್ಲಿ ಬರಹಕ್ಕೆ ಇಳಿದಾಗಲೇ ಭಾಷಾಂತರವಾಗಿತ್ತು. ನಮ್ಮಲ್ಲಿ ಶಬ್ದವನ್ನು ಕಾಪಾಡುವುದಕ್ಕಾಗಿ ಪದಪಾಠ, ಕ್ರಮಪಾಠ, ಘನಪಾಠಗಳು ಹುಟ್ಟಿದಂತೆ ಅವರಲ್ಲಿ ಅರ್ಥವನ್ನು ದಾಟಿಸುವುದಕ್ಕಾಗಿ ಭಾಷಾಂತರಗಳು ಹುಟ್ಟಿದವು. ಇಂಗ್ಲಿಷೊಂದರಲ್ಲಿಯೇ ಅವು ಹತ್ತಾರು. ಹತ್ತಾರು ಇರುವುದರಿಂದಲೇ ಅವುಗಳಲ್ಲಿ ಯಾವುದನ್ನು ಓದತಕ್ಕದ್ದೆಂಬ ಪ್ರಶ್ನೆಯೂ ಹುಟ್ಟಿತು.

ಈ ಪ್ರಶ್ನೆ ನನಗೆ ಬಂದುದು ಪಾಂಡಿತ್ಯದ ಮೂಲಕ ಅಲ್ಲ, ಸ್ನೇಹದ ಮೂಲಕ. ನಾನು ಸಂಸ್ಕೃತವನ್ನೂ ಕನ್ನಡವನ್ನೂ ಹೇಳುತ್ತಿದ್ದ ಪ್ರೌಢಶಾಲೆಯಲ್ಲಿಯೇ ಇಂಗ್ಲಿಷ್ ಹೇಳುತ್ತಿದ್ದ ಮಿತ್ರರೊಬ್ಬರು ನನಗಿಂತ ಎಂಟು ವರ್ಷ ಹಿರಿಯರು. ಪ್ರಾಟೆಸ್ಟೆಂಟ್ ಮನೆತನ, ಮೂರು ತಲೆಗಳಿಂದ ಓದುಬರಹ ಉಳ್ಳವರು. ಕೆಲವು ವರ್ಷಗಳ ಹಿಂದೆ ಅವರ ಕಣ್ಣು ಮಂದವಾಗುತ್ತ ಬಂದು ಅಚ್ಚಿನ ಅಕ್ಷರ ಕಾಣದಂತಾಯಿತು. ಅವರ ಮೊಮ್ಮಗಳು ತನ್ನ ಕೈಯ ಫೋನಿನಿಂದಲೇ ಗ್ರಂಥವನ್ನು ಓದಿಸಿ ತೋರಿಸಿದಳು. “ಅದಕ್ಕೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದಮ್ಮ” ಎಂದು ಅವರು ಒಪ್ಪಲಿಲ್ಲ. ನನ್ನ ಮನೆ ಪಕ್ಕದ ಬೀದಿಯಲ್ಲಿಯೇ ಇರುವುದರಿಂದ ಸಾಯಂಕಾಲ ಒಂದು ಗಂಟೆ ಹೋಗಿ ಓದುವುದು ನನ್ನ ಪಾಲಿಗೆ ಬಂದಿತು. ಕನ್ನಡದ ಬೈಬಲ್ಲು ಅವರಿಗೆ ದೇವಾಲಯದ ಆರಾಧನೆಯಿಂದ ಬಹುಮಟ್ಟಿಗೆ ಕಂಠಸ್ಥ; ಓದಿಸಿಕೊಳ್ಳಬೇಕೆಂದು ಅವರು ಬಯಸಿದುದು ತಾವು ಜೀವಮಾನವೆಲ್ಲ ಕಲಿಸಿದ ಇಂಗ್ಲಿಷಿನಲ್ಲಿ.

ಅಲ್ಲಿ ಮೊದಲ ದಿನವೇ ವಿವಾದ ಎದ್ದಿತು. ಮನೆಯಲ್ಲಿ ಇದ್ದುವು ಎರಡು ಪುಸ್ತಕಗಳು. ಒಂದು ೧೬೧೧ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನ ಅಪ್ಪಣೆಯಿಂದ ಸಿದ್ಧವಾಗಿ ಪ್ರಕಟವಾದ ಭಾಷಾಂತರ. ಅವರ ತಂದೆಯವರ ಕೈಬರಹದ ಗುರುತುಗಳು ತುಂಬಿದ್ದ ಹಳೆಯ ಪ್ರತಿ. ಇನ್ನೊಂದು ೧೯೭೮ರಲ್ಲಿ ಪೂರ್ಣವಾಗಿ ಹೊರಬಂದ ‘ನ್ಯೂ ಇಂಟರ್‌ನ್ಯಾಷನಲ್ ವರ್ಷನ್’ ಎಂಬ ಭಾಷಾಂತರ; ಅದು ಮೊಮ್ಮಗಳದು. “ಮಾವನವರ ಕಾಲದಿಂದ ಬಂದ ಪುಸ್ತಕವಿರುವಾಗ ಇನ್ನೊಂದು ಏತಕ್ಕೆ?” ಎಂದರು ಮನೆಯಾಕೆ. “ಅಜ್ಜಿ, ಅದು ಅರ್ಧಕ್ಕರ್ಧ ಅರ್ಥವಾಗುವುದಿಲ್ಲ” ಎಂದಳು ಹುಡುಗಿ. ನನ್ನ ಮಿತ್ರರು ನಕ್ಕು, “ಶಾಸ್ತ್ರಿಗಳೇ, ಎರಡೂ ನಿಮ್ಮದಲ್ಲವಷ್ಟೆ, ಆದಕಾರಣ ನೀವೇ ತೀರ್ಪು ಹೇಳಿ” ಎಂದರು. ತೀರ್ಪು ಹೇಳುವವನು ಕಾಗದಪತ್ರ ನೋಡಬೇಕಷ್ಟೆ. ಹೀಗೆ ನಾನು ಈ ವಿಷಯದ ವಿದ್ಯಾರ್ಥಿಯಾದೆನು. ನೋಡಿ ತಿಳಿದುದರಲ್ಲಿ ಮುಖ್ಯವಾದುದನ್ನು ವಾಚಕರ ಮುಂದಿಡುತ್ತೇನೆ.

ಹುಡುಗಿಯ ಆಕ್ಷೇಪಣೆಯನ್ನು ಮೊದಲು ತೆಗೆದುಕೊಳ್ಳೋಣ. ಅದು ನ್ಯಾಯವಾದದ್ದೇ. ಶಬ್ದಗಳು ಬಳಕೆಯಲ್ಲಿದ್ದುಕೊಂಡೇ ಅರ್ಥವನ್ನು ಬದಲಾಯಿಸುತ್ತವೆ. ಸಂಸ್ಕೃತದ ‘ಶಿಕ್ಷಾ’ ಎಂದರೆ ಕಲಿಕೆ; ಕನ್ನಡದ ‘ಶಿಕ್ಷೆ’ ಎಂದರೆ ದಂಡನೆ. ‘ಅನುಮಾನ’ವು ತರ್ಕಶಾಸ್ತ್ರದಲ್ಲಿ ನಿಶ್ಚಯಜ್ಞಾನಕ್ಕೆ ಸಾಧನ, ಮನೆಮಾತಿನಲ್ಲಿ ಅದೇ ಸಂಶಯ. ಸಂಸ್ಕೃತದ ‘ಅವಸರ’ ಸಂದರ್ಭ, ನಮ್ಮ ಅವಸರ ಆತುರ. ೧೬೧೧ರ ಇಂಗ್ಲಿಷಿನಲ್ಲಿಯೂ ಹೀಗೆಯೇ. ಅಲ್ಲಿ ‘ಪ್ರಿವೆಂಟ್’ ಎಂದರೆ ತಡೆಯುವುದಲ್ಲ, ಮುಂದಾಗಿ ಹೋಗುವುದು. ‘ಲೆಟ್’ ಎಂಬುದಕ್ಕೆ ಕೆಲವು ಕಡೆ ಬಿಡುವುದೆಂಬುದಕ್ಕೆ ನೇರವಾಗಿ ವಿರುದ್ಧವಾದ ಅಡ್ಡಿಮಾಡುವುದೆಂಬ ಅರ್ಥ. ‘ಕಾನ್ವರ್ಸೇಷನ್’ ಎಂದರೆ ಮಾತುಕತೆಯಲ್ಲ, ನಡತೆ. ಮಕ್ಕಳು ತನ್ನ ಬಳಿಗೆ ಬರುವುದನ್ನು ತಡೆಯಬೇಡಿರೆಂದು ಯೇಸು ಶಿಷ್ಯರಿಗೆ ಹೇಳುವ ಸ್ಥಳದಲ್ಲಿ, ಬರಗೊಡಿಸುವುದು ಎಂಬರ್ಥದಲ್ಲಿ ‘ಸಫರ್’ ಎಂಬ ಶಬ್ದವಿದೆ. ಇಂದಿನ ವಿದ್ಯಾರ್ಥಿ ಅದನ್ನು ಕಂಡು, ಮಕ್ಕಳು ಸಂಕಟಪಡಲಿ ಎಂದು ಹೇಳಿದನೇ ಎಂದು ಬೆಚ್ಚಿದರೆ ತಪ್ಪು ವಿದ್ಯಾರ್ಥಿಯದಲ್ಲ. ಅರ್ಥವಾಗದ ಶಬ್ದ ಅಷ್ಟು ಅಪಾಯಕಾರಿಯಲ್ಲ, ಕೋಶವನ್ನು ನೋಡಬಹುದು. ಅರ್ಥವಾಯಿತೆಂದು ತೋರಿ ಬೇರೊಂದು ಅರ್ಥವನ್ನು ಕೊಡುವ ಶಬ್ದವೇ ಅಪಾಯ.

ಇನ್ನು ಮನೆಯಾಕೆಯ ಪಕ್ಷ. ಅದಕ್ಕೂ ಬಲವಿದೆ. ಹಳೆಯ ಭಾಷಾಂತರವನ್ನು ದೇವಾಲಯಗಳಲ್ಲಿ ಗಟ್ಟಿಯಾಗಿ ಓದುವುದಕ್ಕೆಂದೇ ಮಾಡಿದರು. ವಾಕ್ಯಗಳು ಓದುವವನ ಉಸಿರಿನ ಅಳತೆಗೆ ಹೊಂದಿವೆ. ನಾನು ಇಂಗ್ಲಿಷಿನಲ್ಲಿ ಪಂಡಿತನಲ್ಲದಿದ್ದರೂ, ಬಾಲ್ಯದಿಂದ ಪಾರಾಯಣ ಮಾಡಿದ ನಾಲಗೆಗೆ ಇದು ಮೊದಲ ವಾರದಲ್ಲಿಯೇ ತಿಳಿಯಿತು. ಹೊಸ ಪುಸ್ತಕವನ್ನು ಓದುವಾಗ ನನ್ನ ಮಿತ್ರರು ಕೇಳುತ್ತಿದ್ದರು. ಹಳೆಯದನ್ನು ಓದುವಾಗ ಅವರ ತುಟಿಗಳು ನನ್ನೊಡನೆ ಚಲಿಸುತ್ತಿದ್ದುವು. ಕಣ್ಣು ಹೋದವರಿಗೆ ಕಂಠಸ್ಥವಾದ ಗ್ರಂಥವೆಂದರೆ ಕೈಹಿಡಿದು ನಡೆಸುವ ಗೋಡೆಯಿದ್ದಂತೆ. ಅದನ್ನು ಸರಿಸಿಬಿಡುವುದಕ್ಕೆ ಮುಂಚೆ ನೂರು ಸಲ ಯೋಚಿಸಬೇಕು.

ಆದರೆ ಭಾಷಾಂತರದ ಆಯ್ಕೆ ಕೇವಲ ಸುಲಭ-ಕಠಿಣಗಳ ಅಥವಾ ಕರ್ಣಾನಂದದ ಪ್ರಶ್ನೆಯಲ್ಲ. ಒಂದೊಂದು ಶಬ್ದದ ಹಿಂದೆ ಅಧಿಕಾರದ ಪ್ರಶ್ನೆಯೊಂದು ಅಡಗಿದೆಯೆಂಬುದು ಅದರ ಚರಿತ್ರೆಯನ್ನು ನೋಡಿದವರಿಗೆ ಗೊತ್ತಾಗುತ್ತದೆ. ೧೪ನೆಯ ಶತಮಾನದಲ್ಲಿ ವಿಕ್ಲಿಫನೂ ಅವನ ಅನುಯಾಯಿಗಳೂ ಲ್ಯಾಟಿನ್ ಬೈಬಲ್ಲಿನಿಂದ ಇಂಗ್ಲಿಷಿಗೆ ಭಾಷಾಂತರ ಮಾಡಿದ್ದರು. ಗ್ರೀಕ್ ಮೂಲದಿಂದಲೇ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದು ಅಚ್ಚುಹಾಕಿಸಿದವನು ವಿಲಿಯಂ ಟಿಂಡೇಲ್. ಸ್ವದೇಶದಲ್ಲಿ ಅನುಮತಿ ದೊರೆಯದೆ ಅವನು ೧೫೨೬ರಲ್ಲಿ ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿ ಅದನ್ನು ಮುದ್ರಿಸಿ, ಗುಟ್ಟಾಗಿ ಇಂಗ್ಲೆಂಡಿಗೆ ಕಳುಹಿಸಬೇಕಾಯಿತು. ೧೫೩೬ರಲ್ಲಿ ಬ್ರಸೆಲ್ಸಿನ ಸಮೀಪದ ವಿಲ್ವೋರ್ಡೆಯಲ್ಲಿ ಅವನ ಕುತ್ತಿಗೆ ಬಿಗಿದು ಕೊಂದು, ದೇಹವನ್ನು ಸುಟ್ಟರು.

ಅವನು ಮಾಡಿದ ಅಪರಾಧವಾದರೂ ಏನು? ಗ್ರೀಕಿನ ‘ಎಕ್ಲೀಸಿಯ’ ಎಂಬ ಶಬ್ದಕ್ಕೆ ‘ಚರ್ಚ್’ ಎನ್ನದೆ ‘ಕಾಂಗ್ರಿಗೇಷನ್’, ಎಂದರೆ ಕೂಡಿದ ಜನರ ಸಭೆ, ಎಂದು ಬರೆದನು. ‘ಪ್ರೆಸ್ಬಿಟರೋಸ್’ ಎಂಬುದಕ್ಕೆ ಯಾಜಕನೆನ್ನದೆ ಹಿರಿಯನೆಂದನು. ‘ಮೆಟನೋಯ’ ಎಂಬುದಕ್ಕೆ ಪಶ್ಚಾತ್ತಾಪದ ಅರ್ಥವನ್ನು ಕೊಟ್ಟನು, ಪ್ರಾಯಶ್ಚಿತ್ತದ ಅರ್ಥವನ್ನಲ್ಲ. ಪಶ್ಚಾತ್ತಾಪ ಮನಸ್ಸಿನೊಳಗೆ ನಡೆಯತಕ್ಕದ್ದು. ಪ್ರಾಯಶ್ಚಿತ್ತವನ್ನು ವಿಧಿಸುವುದಕ್ಕೆ ಪುರೋಹಿತನೊಬ್ಬನು ಬೇಕು. ಈ ಭೇದವನ್ನು ನಮ್ಮ ವಾಚಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಒಂದು ಶಬ್ದ ಬದಲಾದುದರಿಂದ ಒಂದು ಸಂಸ್ಥೆಯ ಅಧಿಕಾರವೇ ಅಲುಗಾಡುವ ಸಂಭವವಿತ್ತು. ಸರ್ ಥಾಮಸ್ ಮೋರನಂತಹ ಮಹಾವಿದ್ವಾಂಸನು ಈ ಶಬ್ದಗಳಿಗಾಗಿಯೇ ಟಿಂಡೇಲನನ್ನು ಉಗ್ರವಾಗಿ ಖಂಡಿಸಿದನು. ರೋಮನ್ ಕ್ಯಾಥೊಲಿಕರು ೧೫೮೨ರಲ್ಲಿ ರೀಮ್ಸ್ ಪಟ್ಟಣದಿಂದ ತಮ್ಮದೇ ಇಂಗ್ಲಿಷ್ ಹೊಸ ಒಡಂಬಡಿಕೆಯನ್ನು ಹೊರಡಿಸಿದಾಗ ಅಲ್ಲಿ ಪ್ರಾಯಶ್ಚಿತ್ತದ ಅರ್ಥವನ್ನೇ ಇಟ್ಟುಕೊಂಡರು. ನಮ್ಮ ಕನ್ನಡ ಕ್ರೈಸ್ತರು ಬಳಸುವ ‘ಸಭೆ’, ‘ಮಾನಸಾಂತರ’ ಎಂಬ ಶಬ್ದಗಳು ಟಿಂಡೇಲನ ಪಕ್ಷಕ್ಕೆ ಹತ್ತಿರವಾದವೆಂಬುದನ್ನು ನೆನೆದಾಗ ನನಗೆ ಒಂದು ಬಗೆಯ ಸಂತೋಷವಾಯಿತು. ಯಾರದೋ ಸಾವಿನ ಫಲ ಎಷ್ಟು ದೂರ ಬಂದು ನೆಲೆಸಿತು!

ದೊರೆ ಜೇಮ್ಸನ ಭಾಷಾಂತರವೂ ಇಂತಹ ಕಲಹದಿಂದಲೇ ಹುಟ್ಟಿತು. ಅವನ ಕಾಲದಲ್ಲಿ ಜನರು ಮನೆಗಳಲ್ಲಿ ಓದುತ್ತಿದ್ದುದು ೧೫೬೦ರಲ್ಲಿ ಜಿನೀವದಲ್ಲಿ ಮುದ್ರಿತವಾದ ಬೈಬಲ್ಲು. ಅದರ ಅಂಚಿನ ಟಿಪ್ಪಣಿಗಳಲ್ಲಿ ದೊರೆಯ ಆಜ್ಞೆಯನ್ನು ಮೀರುವುದು ಕೆಲವು ವೇಳೆ ಧರ್ಮವೇ ಎಂಬ ಅಭಿಪ್ರಾಯವಿತ್ತು. ಇದು ದೊರೆಗೆ ಹಿಡಿಸಲಿಲ್ಲ. ೧೬೦೪ರಲ್ಲಿ ಹ್ಯಾಂಪ್ಟನ್ ಕೋರ್ಟಿನ ಅರಮನೆಯಲ್ಲಿ ನಡೆದ ಸಭೆಯಲ್ಲಿ ಹೊಸ ಭಾಷಾಂತರಕ್ಕೆ ಒಪ್ಪಿಗೆಯಾಯಿತು. ವೆಸ್ಟ್‌ಮಿನ್‌ಸ್ಟರ್, ಆಕ್ಸ್‌ಫರ್ಡ್, ಕೇಂಬ್ರಿಜ್ ಎಂಬ ಮೂರು ಸ್ಥಳಗಳಲ್ಲಿ ಆರು ಮಂಡಲಿಗಳಾಗಿ ಸುಮಾರು ೪೭ ಮಂದಿ ವಿದ್ವಾಂಸರು ದುಡಿದರು. ಮತಸಂಬಂಧವಾದ ಟಿಪ್ಪಣಿ ಕೂಡದು, ‘ಚರ್ಚ್’ ಎಂಬಂತಹ ಹಳೆಯ ಶಬ್ದಗಳನ್ನು ಉಳಿಸಿಕೊಳ್ಳತಕ್ಕದ್ದು ಎಂಬ ನಿಯಮಗಳಿದ್ದುವು. ಆದರೂ ಹೊಸ ಒಡಂಬಡಿಕೆಯ ವಾಕ್ಯಗಳಲ್ಲಿ ಬಹುಪಾಲು ಟಿಂಡೇಲನವೇ ಉಳಿದುವು.

ಈ ಪುಸ್ತಕದಲ್ಲಿ ನನ್ನನ್ನು ಆಕರ್ಷಿಸಿದ ಎರಡು ಗುಣಗಳನ್ನು ಹೇಳಬೇಕು. ಮೊದಲನೆಯದು: ಮೂಲದಲ್ಲಿಲ್ಲದ ಶಬ್ದವನ್ನು ಇಂಗ್ಲಿಷ್ ವಾಕ್ಯ ಪೂರ್ತಿಯಾಗುವುದಕ್ಕಾಗಿ ಸೇರಿಸಿದಾಗಲೆಲ್ಲ ಅದನ್ನು ಬೇರೆ ಅಚ್ಚಿನಲ್ಲಿ ತೋರಿಸಿದ್ದಾರೆ, ಈಗಿನ ಮುದ್ರಣಗಳಲ್ಲಿ ಅದು ಓರೆ ಅಕ್ಷರ. ಇದು ನಮ್ಮ ವ್ಯಾಖ್ಯಾನಕಾರರು ‘ಅಧ್ಯಾಹಾರ’ವೆಂದು ಹೇಳಿ ಮಾಡುವ ಕೆಲಸವೇ. ಎರಡನೆಯದು: ಹೀಬ್ರೂ ಅಥವಾ ಗ್ರೀಕ್ ಶಬ್ದಕ್ಕೆ ಎರಡು ಅರ್ಥ ಸಾಧ್ಯವಿದ್ದಲ್ಲಿ, ಬಿಟ್ಟ ಅರ್ಥವನ್ನೂ ಅಂಚಿನಲ್ಲಿ ಕೊಟ್ಟಿದ್ದಾರೆ. ಮೈಲ್ಸ್ ಸ್ಮಿತ್ ಎಂಬಾತನು ಬರೆದ ದೀರ್ಘವಾದ ಪೀಠಿಕೆಯಲ್ಲಿ, ಮೂಲವೇ ಸಂದಿಗ್ಧವಾಗಿರುವಾಗ ಓದುಗನಿಗೆ ಎರಡೂ ಅರ್ಥಗಳನ್ನು ತೋರಿಸುವುದೇ ಹಿತವೆಂದು ವಾದಿಸಿದ್ದಾನೆ. ತಮ್ಮ ಕೆಲಸ ಹೊಸದನ್ನು ಕಟ್ಟುವುದಲ್ಲ, ಹಿಂದಿನವರ ಒಳ್ಳೆಯದನ್ನು ಇನ್ನಷ್ಟು ಒಳ್ಳೆಯದು ಮಾಡುವುದೆಂದು ವಿನಯದಿಂದ ಹೇಳಿದ್ದಾನೆ. ವಿಷಾದವೆಂದರೆ ಈಗ ದೊರೆಯುವ ಬಹುತೇಕ ಪ್ರತಿಗಳಲ್ಲಿ ಈ ಪೀಠಿಕೆಯೇ ಇಲ್ಲ. ೧೬೧೧ರ ಪುಸ್ತಕದಲ್ಲಿ ಒಂದಕ್ಷರವೂ ತಪ್ಪಿಲ್ಲ, ಮತ್ತೊಂದನ್ನು ಮುಟ್ಟಬಾರದೆಂದು ವಾದಿಸುವ ಪಂಗಡ ಅಮೆರಿಕದಲ್ಲಿ ಇಂದಿಗೂ ಉಂಟು. ಆ ಭಾಷಾಂತರಕಾರರೇ ತಮ್ಮ ಬಗ್ಗೆ ಅಂತಹ ಹೆಮ್ಮೆಯನ್ನು ಕೊಚ್ಚಿಕೊಳ್ಳಲಿಲ್ಲ.

ಇನ್ನು ಮೂಲಪಾಠದ ವಿಚಾರ. ಇದೇ ಎಲ್ಲಕ್ಕಿಂತ ಕಠಿಣವಾದುದು. ಎರಾಸ್ಮಸ್ ಎಂಬ ವಿದ್ವಾಂಸನು ೧೫೧೬ರಲ್ಲಿ ಬಾಸೆಲ್ ಪಟ್ಟಣದಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಪ್ರಕಟಿಸಿದಾಗ ಅವನ ಕೈಯಲ್ಲಿದ್ದುವು ಕೆಲವೇ ಹಸ್ತಪ್ರತಿಗಳು, ಅವೂ ಬಹಳ ಹಳೆಯವಲ್ಲ. ಪ್ರಕಟನೆ ಎಂಬ ಕೊನೆಯ ಗ್ರಂಥದ ಕಡೆಯ ಹಾಳೆ ಇಲ್ಲದಿದ್ದುದರಿಂದ ಆ ಭಾಗವನ್ನು ಅವನು ಲ್ಯಾಟಿನ್ನಿನಿಂದ ಗ್ರೀಕಿಗೆ ತಿರುಗಿಸಿ ಸೇರಿಸಿದನು. ೧೬೧೧ರ ಭಾಷಾಂತರಕ್ಕೆ ಆಧಾರವಾದುದು ಈ ಪರಂಪರೆಯ ಪಾಠವೇ. ಆಮೇಲೆ ಹಳೆಯ ಪ್ರತಿಗಳು ಬೆಳಕಿಗೆ ಬಂದುವು. ಸೀನಾಯ್ ಬೆಟ್ಟದ ಸಂತ ಕ್ಯಾಥರೀನಳ ಮಠದಲ್ಲಿ ಟಿಶೆಂಡಾರ್ಫ್ ಎಂಬ ಜರ್ಮನ್ ಪಂಡಿತನು ೧೮೪೪ರಲ್ಲಿ ಕೆಲವು ಹಾಳೆಗಳನ್ನೂ ೧೮೫೯ರಲ್ಲಿ ಮತ್ತಷ್ಟನ್ನೂ ಕಂಡನು. ಅದು ೪ನೆಯ ಶತಮಾನದ ಚರ್ಮಪತ್ರದ ಪ್ರತಿ. ಬ್ರಿಟಿಷ್ ಮ್ಯೂಜಿಯಂ ೧೯೩೩ರಲ್ಲಿ ಅದನ್ನು ಸೋವಿಯತ್ ಸರ್ಕಾರದಿಂದ ೧ ಲಕ್ಷ ಪೌಂಡು ಕೊಟ್ಟು ಕೊಂಡಿತು. ಇಂತಹ ಪ್ರಾಚೀನ ಪ್ರತಿಗಳ ಆಧಾರದಿಂದ ೧೮೮೧ರಲ್ಲಿ ಹೊಸ ಒಡಂಬಡಿಕೆಯ, ೧೮೮೫ರಲ್ಲಿ ಹಳೆಯ ಒಡಂಬಡಿಕೆಯ ಪರಿಷ್ಕೃತ ಭಾಷಾಂತರ ಇಂಗ್ಲೆಂಡಿನಲ್ಲಿ ಹೊರಟಿತು. ಅಮೆರಿಕದವರ ‘ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್’ ೧೯೪೬ರಲ್ಲಿ ಭಾಗವಾಗಿಯೂ ೧೯೫೨ರಲ್ಲಿ ಪೂರ್ಣವಾಗಿಯೂ ಬಂದಿತು. ಈ ಮೂರನೆಯ ಪುಸ್ತಕವನ್ನು ನಾನು ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಹುಡುಕಿ ತಂದೆನು.

ಅದರಿಂದ ಒಂದು ಸಾಯಂಕಾಲ ಪೇಚಿಗೆ ಸಿಕ್ಕಿಕೊಂಡೆವು. ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಒಂದು ಕಥೆಯಿದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸೊಬ್ಬಳನ್ನು ಶಾಸ್ತ್ರಿಗಳು ಯೇಸುವಿನ ಮುಂದೆ ತಂದು ನಿಲ್ಲಿಸಿ, ಕಲ್ಲೆಸೆದು ಕೊಲ್ಲಬೇಕೆಂಬ ಧರ್ಮಶಾಸ್ತ್ರದ ವಿಧಿಯನ್ನು ಎತ್ತುತ್ತಾರೆ. ತಮ್ಮಲ್ಲಿ ಪಾಪ ಮಾಡದವನು ಯಾವನೋ ಅವನೇ ಮೊದಲು ಎಸೆಯಲೆಂದು ಯೇಸು ಹೇಳಲು, ಒಬ್ಬೊಬ್ಬರಾಗಿ ಎಲ್ಲರೂ ಹೊರಟುಹೋಗುತ್ತಾರೆ. ಈ ಕಥೆ ಸೀನಾಯಿಯ ಪ್ರತಿಯಲ್ಲಿ ಇಲ್ಲ; ಅತ್ಯಂತ ಹಳೆಯವಾದ ಇತರ ಮುಖ್ಯ ಪ್ರತಿಗಳಲ್ಲಿಯೂ ಇಲ್ಲ. ೧೯೪೬ರ ಪುಸ್ತಕದವರು ಇದನ್ನು ಪುಟದ ಕೆಳಗಡೆ ಟಿಪ್ಪಣಿಯಲ್ಲಿ ಇಳಿಸಿದರು. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳಿಗೂ ಅದೇ ಗತಿಯಾಯಿತು.

ಈ ಸಂಗತಿಯನ್ನು ಹೇಳಿದಾಗ ನನ್ನ ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. “ಶಾಸ್ತ್ರಿಗಳೇ, ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದೂ ಒಬ್ಬ ಹುಡುಗನ ಮೇಲೆ ಬೆತ್ತ ಎತ್ತದೆ ಇದ್ದೆನಲ್ಲ, ಅದು ಈ ಕಥೆಯಿಂದ. ಇದು ಗ್ರಂಥದಲ್ಲಿಯೇ ಇರಲಿಲ್ಲವೆಂದರೆ, ನಾನು ಯಾರ ಮಾತನ್ನು ನಂಬಿದ ಹಾಗಾಯಿತು?” ಎಂದು ಕೇಳಿದರು. ಇದು ಪಂಡಿತರ ಪ್ರಶ್ನೆಯಲ್ಲ. ಒಂದು ಜೀವಮಾನದ ಪ್ರಶ್ನೆ.

ನನಗೆ ತೋರಿದ ಸಮಾಧಾನವನ್ನು ಹೇಳಿದೆನು. ಪುಣೆಯ ಭಂಡಾರಕರ್ ಸಂಸ್ಥೆಯವರು ೧೯೧೯ರಲ್ಲಿ ಕೈಗೊಂಡು ೧೯೬೬ರಲ್ಲಿ ಮುಗಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಯಲ್ಲಿ, ಗಣಪತಿಯು ವ್ಯಾಸರಿಗೆ ಲಿಪಿಕಾರನಾದ ವೃತ್ತಾಂತ ಮೂಲಪಾಠದಲ್ಲಿಲ್ಲ. ಪ್ರಕ್ಷಿಪ್ತವೆಂದು ಅನುಬಂಧಕ್ಕೆ ಸೇರಿದೆ. ಅದರಿಂದ ಸುಕ್ಥಂಕರ್ ಮೊದಲಾದ ಆ ಪಂಡಿತರನ್ನು ನಾಸ್ತಿಕರೆಂದು ಹೇಳಲಾಗದು; ಗಣಪತಿಯನ್ನು ನಾವು ಪೂಜಿಸುವುದನ್ನು ಬಿಟ್ಟೂ ಇಲ್ಲ. ಪ್ರಕ್ಷಿಪ್ತವೆಂದರೆ ಸುಳ್ಳು ಎಂದು ಅರ್ಥವಲ್ಲ. ಆ ಸ್ಥಳದಲ್ಲಿ ಅದು ಮೊದಲಿಗೆ ಇರಲಿಲ್ಲವೆಂದಷ್ಟೇ ಅರ್ಥ. ಯೇಸುವಿನ ವಿಷಯದಲ್ಲಿ ಜನರ ಬಾಯಲ್ಲಿ ಉಳಿದುಬಂದ ಪುರಾತನ ಕಥೆಯೊಂದು ಆಮೇಲೆ ಈ ಸುವಾರ್ತೆಯೊಳಗೆ ಸೇರಿರಬಹುದೆಂದು ಅನೇಕ ಕ್ರೈಸ್ತ ವಿದ್ವಾಂಸರೇ ಅಭಿಪ್ರಾಯಪಡುತ್ತಾರೆ. ಅದೇ ಅಮೆರಿಕದ ಪುಸ್ತಕದವರು ೧೯೭೧ರ ಎರಡನೆಯ ಆವೃತ್ತಿಯಲ್ಲಿ ಕಥೆಯನ್ನು ಮತ್ತೆ ಪುಟದ ಮೇಲಕ್ಕೆ ತಂದು, ಹಳೆಯ ಪ್ರತಿಗಳಲ್ಲಿ ಇದು ಇಲ್ಲವೆಂಬುದನ್ನು ಕೆಳಗೆ ತಿಳಿಸಿದರು. ನಾನು ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವರು, “ಹಾಗಾದರೆ ಕಥೆಯನ್ನೂ ಓದಿ, ಟಿಪ್ಪಣಿಯನ್ನೂ ಓದಿ” ಎಂದರು. ಎರಡನ್ನೂ ಓದಿದೆನು.

ಟಿಪ್ಪಣಿಯೂ ಸಹಿಸದವರು ಇದ್ದಾರೆ. ಯೆಶಾಯನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಮಗನನ್ನು ಹೆರುವಳೆಂದು ಹೇಳಿರುವ ಸ್ತ್ರೀಯನ್ನು ಹೀಬ್ರೂ ಮೂಲವು ‘ಅಲ್ಮಾ’ ಎನ್ನುತ್ತದೆ. ಅದರ ಅರ್ಥ ತರುಣಿ. ಕ್ರಿಸ್ತನಿಗೂ ಮೊದಲೇ ಯೆಹೂದ್ಯರು ಮಾಡಿದ್ದ ಗ್ರೀಕ್ ಭಾಷಾಂತರದಲ್ಲಿ ಅಲ್ಲಿ ‘ಪಾರ್ಥೆನೋಸ್’, ಎಂದರೆ ಕನ್ಯೆ, ಎಂದಿದೆ. ಮತ್ತಾಯನು ತನ್ನ ಸುವಾರ್ತೆಯಲ್ಲಿ ಉದಾಹರಿಸಿದುದು ಆ ಗ್ರೀಕ್ ಪಾಠವನ್ನು. ೧೯೫೨ರ ಭಾಷಾಂತರಕಾರರು ಹೀಬ್ರೂವನ್ನು ಅನುಸರಿಸಿ ಯೆಶಾಯನಲ್ಲಿ ‘ತರುಣಿ’ ಎಂಬರ್ಥದ ಶಬ್ದವನ್ನು ಹಾಕಿ, ‘ಕನ್ಯೆ’ಯನ್ನು ಟಿಪ್ಪಣಿಯಲ್ಲಿ ಕೊಟ್ಟರು. ಮತ್ತಾಯನಲ್ಲಿ ‘ಕನ್ಯೆ’ಯನ್ನೇ ಉಳಿಸಿದರು. ಅಮೆರಿಕದ ಉತ್ತರ ಕೆರೊಲಿನದಲ್ಲಿ ಒಬ್ಬ ಪಾದ್ರಿ ಆ ವರ್ಷವೇ ಈ ಪುಟವನ್ನು ಎಲ್ಲರೆದುರಿಗೆ ಸುಟ್ಟುಹಾಕಿದನು. ಹೊಸ ಪುಸ್ತಕವನ್ನು ಕೊಳ್ಳುವ ಕ್ರೈಸ್ತರಲ್ಲಿ ಅನೇಕರು ಈ ಒಂದು ವಚನವನ್ನು ತೆಗೆದು ನೋಡಿಯೇ ಅದು ಯಾವ ಪಕ್ಷದ್ದೆಂದು ನಿರ್ಧರಿಸುವುದುಂಟು. ೧೯೮೯ರ ‘ನ್ಯೂ ರಿವೈಸ್ಡ್ ಸ್ಟ್ಯಾಂಡರ್ಡ್’ನಲ್ಲಿ ತರುಣಿಯೇ ಇದ್ದಾಳೆ; ೨೦೦೧ರ ‘ಇಂಗ್ಲಿಷ್ ಸ್ಟ್ಯಾಂಡರ್ಡ್’ನಲ್ಲಿ ಕನ್ಯೆ ತಿರುಗಿ ಬಂದಿದ್ದಾಳೆ. ಎರಡೂ ಹೊರಟಿದ್ದು ಆ ೧೯೫೨ರ ಪುಸ್ತಕದ ಪರಂಪರೆಯಿಂದಲೇ!

ಕನ್ನಡಿಗರಾದ ನಮಗೆ ಈ ಪುಸ್ತಕಗಳನ್ನು ಹೋಲಿಸಿ ನೋಡುವುದಕ್ಕೆ ಒಂದು ಅನುಕೂಲವಿದೆಯೆಂದು ನಾನು ಕಂಡುಕೊಂಡೆನು. ಇಂಗ್ಲಿಷಿಗೆ ಎಟುಕದ ಕೆಲವು ಸೂಕ್ಷ್ಮಗಳು ನಮ್ಮ ಭಾಷೆಗೆ ಸಹಜವಾಗಿವೆ. ಲೂಕನ ಸುವಾರ್ತೆಯಲ್ಲಿ ಯೇಸು ಸೀಮೋನನೊಡನೆ ಮಾತಾಡುತ್ತ, ಸೈತಾನನು ಶಿಷ್ಯರೆಲ್ಲರನ್ನೂ ಗೋಧಿಯಂತೆ ಕೇರಲು ಬಯಸಿದನೆಂದೂ, ತಾನಾದರೋ ಸೀಮೋನನೊಬ್ಬನಿಗಾಗಿ ಬೇಡಿಕೊಂಡೆನೆಂದೂ ಹೇಳುತ್ತಾನೆ. ಗ್ರೀಕಿನಲ್ಲಿ ಮೊದಲನೆಯದು ಬಹುವಚನ, ಎರಡನೆಯದು ಏಕವಚನ. ಹಳೆಯ ಇಂಗ್ಲಿಷಿನ ‘ಯು’, ‘ದೌ’ಗಳಲ್ಲಿ ಈ ಭೇದ ಉಳಿದಿತ್ತು, ಎಲ್ಲಕ್ಕೂ ‘ಯು’ ಒಂದೇ ಆದಮೇಲೆ ಅಳಿಸಿಹೋಯಿತು. ‘ನ್ಯೂ ಇಂಟರ್‌ನ್ಯಾಷನಲ್’ನವರು ೨೦೧೧ರ ಪರಿಷ್ಕರಣದಲ್ಲಿ ‘ಎಲ್ಲರನ್ನೂ’ ಎಂಬರ್ಥದ ಶಬ್ದ ಸೇರಿಸಿ ಅದನ್ನು ಸರಿಪಡಿಸಿದರು. ‘ನಿಮ್ಮನ್ನು’, ‘ನಿನಗಾಗಿ’ ಎನ್ನುವ ನಮಗೆ ಅದರ ಕಷ್ಟವೇ ಇಲ್ಲ. ‘ದೌ’ ಎಂಬುದು ದೇವರಿಗೆ ಮೀಸಲಾದ ಗೌರವದ ಶಬ್ದವೆಂದು ಅನೇಕ ಇಂಗ್ಲಿಷರೂ ಭಾವಿಸುವುದುಂಟು. ೧೬೧೧ರ ಪುಸ್ತಕದಲ್ಲಿ ಸೈತಾನನಿಗೂ ಅದೇ ಶಬ್ದ. ದೇವರನ್ನು ‘ನೀನು’ ಎಂದು ಕರೆಯುವ ನಾವು ಆ ಭ್ರಮೆಗೆ ಒಳಗಾಗಬೇಕಾಗಿಲ್ಲ.

ಇನ್ನೊಂದು. ಮರುಕವನ್ನು ಹೇಳುವುದಕ್ಕೆ ಗ್ರೀಕಿನಲ್ಲಿ ‘ಸ್ಪ್ಲಾಂಖ್ನ’ ಎಂಬ ಶಬ್ದವಿದೆ. ಅಕ್ಷರಾರ್ಥ ಒಡಲೊಳಗಿನ ಅಂಗಗಳು. ೧೬೧೧ರವರು ಅದನ್ನು ‘ಬವೆಲ್ಸ್’ ಎಂದು ಇಟ್ಟರು. ಇಂದಿನ ಇಂಗ್ಲಿಷ್ ಕಿವಿಗೆ ಅದು ವೈದ್ಯರ ಮಾತಿನಂತೆ ಕೇಳಿ ನಗೆ ಬರುವುದರಿಂದ, ಹೊಸಬರು ಹೃದಯ, ಪ್ರೀತಿ, ಕನಿಕರ ಎಂಬರ್ಥದ ಶಬ್ದಗಳನ್ನು ಹಾಕಿದರು. ನನ್ನ ಮಿತ್ರರಿಗೆ ನಾನು, “ಇದರಲ್ಲಿ ನಗುವುದೇನಿದೆ? ಕರುಳು ಅಂತಲ್ಲವೇ?” ಎಂದೆನು. ಅವರು ಕುಳಿತಲ್ಲಿಂದ ಮುಂದಕ್ಕೆ ಬಾಗಿ, “ಕರುಳು! ಇಷ್ಟು ವರ್ಷ ತರಗತಿಯಲ್ಲಿ ಇದನ್ನು ಹೇಳಿಕೊಡುವುದಕ್ಕೆ ಸಂಕೋಚಪಡುತ್ತಿದ್ದೆ” ಎಂದು ಹರ್ಷಪಟ್ಟರು.

ಹಾಗೆಯೇ ೧೯೮೯ರ ಪುಸ್ತಕದಲ್ಲಿ ಪೌಲನು ಸಭೆಗಳಿಗೆ ಬರೆದ ಪತ್ರಗಳ ‘ಸಹೋದರರೇ’ ಎಂಬ ಸಂಬೋಧನೆಯನ್ನು ಅನೇಕ ಕಡೆ ‘ಸಹೋದರ ಸಹೋದರಿಯರೇ’ ಎಂಬರ್ಥಕ್ಕೆ ತಿರುಗಿಸಿದ್ದಾರೆ. ಇದು ಕಾಲಕ್ಕೆ ಸೋತು ಮಾಡಿದ ತಿದ್ದುಪಡಿಯೆಂದು ಕೆಲವರ ಆಕ್ಷೇಪಣೆ. ಪಾಣಿನೀಯವನ್ನು ಓದಿದವರಿಗೆ ಇದು ಅಷ್ಟೊಂದು ಹೊಸದಾಗಿ ತೋರಲಾರದು. ಏಕಶೇಷದ ಪ್ರಕರಣದಲ್ಲಿ ‘ಪಿತರೌ’ ಎಂದರೆ ತಾಯಿತಂದೆಗಳಿಬ್ಬರೂ ಆಗಬಹುದು. ‘ಭ್ರಾತರೌ’ ಎಂದರೆ ಅಣ್ಣನೂ ತಂಗಿಯೂ ಆಗಬಹುದು. ಗ್ರೀಕಿನಲ್ಲಿಯೂ ಆ ಬಹುವಚನ ಇಬ್ಬರನ್ನೂ ಒಳಕೊಳ್ಳಬಲ್ಲದು. ಸಭೆಯಲ್ಲಿ ಹೆಂಗಸರೂ ಕುಳಿತು ಕೇಳುತ್ತಿದ್ದರೆಂಬುದು ನಿಶ್ಚಯವಾದ ಕಡೆ ಅದನ್ನು ಬಿಡಿಸಿ ಹೇಳಿದರೆ ಮೂಲಕ್ಕೆ ದ್ರೋಹವಾಗುವುದಿಲ್ಲ. ಅಡಿಯಲ್ಲಿ ಮೂಲದ ಶಬ್ದ ಇಂತಹುದೆಂದು ತಿಳಿಸಿದ್ದರೆ ಸಾಕು. ಅವರು ತಿಳಿಸಿದ್ದಾರೆ.

ಇಷ್ಟೆಲ್ಲ ನೋಡಿದಮೇಲೆ ತೀರ್ಪಿಗೆ ಬರಬಹುದು. ಶಾಸ್ತ್ರಗಳಲ್ಲಿ ಪದಾರ್ಥ, ಅನ್ವಯ, ತಾತ್ಪರ್ಯ ಎಂದು ವ್ಯಾಖ್ಯಾನಕ್ಕೆ ಮೂರು ಮೆಟ್ಟಿಲುಗಳಿವೆ. ಇಂಗ್ಲಿಷ್ ಬೈಬಲ್ಲುಗಳನ್ನೂ ಹಾಗೆ ವಿಂಗಡಿಸಬಹುದು. ೧೯೭೧ರ ‘ನ್ಯೂ ಅಮೆರಿಕನ್ ಸ್ಟ್ಯಾಂಡರ್ಡ್’ ಪದಾರ್ಥದ ಕಡೆಗೆ ಒಲಿದದ್ದು. ೧೯೭೬ರ ‘ಗುಡ್ ನ್ಯೂಸ್’ ತಾತ್ಪರ್ಯವನ್ನು ಸರಳವಾಗಿ ಹೇಳಬಯಸಿದ್ದು. ‘ನ್ಯೂ ಇಂಟರ್‌ನ್ಯಾಷನಲ್’ ಇವೆರಡರ ನಡುವಿನದು. ಅಧಿಕಾರಿಭೇದದಿಂದ ಮೂರೂ ಗ್ರಾಹ್ಯವೇ. ಕ್ಯಾಥೊಲಿಕ್ ಮನೆಯವರು ಗ್ರಂಥಗಳ ಸಂಖ್ಯೆಯನ್ನೂ ನೋಡಿಕೊಳ್ಳಬೇಕು. ಅವರ ಬೈಬಲ್ಲಿನಲ್ಲಿ ೭೩ ಗ್ರಂಥಗಳು, ಪ್ರಾಟೆಸ್ಟೆಂಟರದರಲ್ಲಿ ೬೬. ನನ್ನ ಮಿತ್ರರ ಮನೆಯಲ್ಲಿ ಹೀಗೆ ನಿಶ್ಚಯವಾಯಿತು: ಸಾಯಂಕಾಲದ ಪಾರಾಯಣಕ್ಕೆ ೧೬೧೧ರದು, ಅರ್ಥದಲ್ಲಿ ಸಂಶಯ ಬಂದರೆ ೧೯೫೨ರ ಪರಂಪರೆಯದು, ಅಡಿಟಿಪ್ಪಣಿ ಸಮೇತವಾಗಿ, ಹುಡುಗಿ ತನ್ನದನ್ನು ತಾನು ಓದಿಕೊಳ್ಳುವುದು. ಮನೆಯಾಕೆಯೂ ಹುಡುಗಿಯೂ ಇದಕ್ಕೆ ಒಪ್ಪಿದರು.

ಆದರೆ ಬೇರೆ ಯಾರಾದರೂ ಹೊಸದಾಗಿ ಕೊಳ್ಳಲು ಹೊರಟು ನನ್ನನ್ನು ಕೇಳಿದರೆ, ನಾನು ಹೇಳುವುದು ಒಂದೇ ಮಾತು. ಯಾವುದರ ಇಂಗ್ಲಿಷ್ ಇಂಪಾಗಿದೆ, ಯಾವುದು ನಮ್ಮ ಪಕ್ಷದ್ದು ಎಂಬುದನ್ನು ಆಮೇಲೆ ನೋಡಬಹುದು. ಮೊದಲು ಪುಟದ ಅಡಿಯನ್ನು ನೋಡಿರಿ. ಯೆಶಾಯನ ಏಳನೆಯ ಅಧ್ಯಾಯ, ಮಾರ್ಕನ ಕೊನೆಯ ಅಧ್ಯಾಯ, ಯೋಹಾನನ ಎಂಟನೆಯ ಅಧ್ಯಾಯ, ಈ ಮೂರು ಸ್ಥಳಗಳನ್ನು ತೆಗೆದು, ಇನ್ನೊಂದು ಪಾಠವುಂಟು, ಇನ್ನೊಂದು ಅರ್ಥ ಸಾಧ್ಯ ಎಂಬುದನ್ನು ಆ ಪುಸ್ತಕ ನಿಮಗೆ ತಿಳಿಸುತ್ತದೆಯೇ ಎಂದು ಪರೀಕ್ಷಿಸಿರಿ. ತಿಳಿಸಿದರೆ ಅದು ನಂಬತಕ್ಕ ಪುಸ್ತಕ. ಮೇಲಿನ ಸಾಲಿನಲ್ಲಿ ಅದು ಯಾವ ಅರ್ಥವನ್ನು ಆರಿಸಿದ್ದರೂ ಚಿಂತೆಯಿಲ್ಲ. ತನ್ನಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲವೆಂದು ತೋರಿಸಿಕೊಳ್ಳುವ ಭಾಷಾಂತರವು ಓದುಗನನ್ನು ಬಾಲಕನೆಂದು ಎಣಿಸಿದಂತೆ. ೧೬೧೧ರ ಪಂಡಿತರು ತಮ್ಮ ಓದುಗರನ್ನು ಹಾಗೆ ಎಣಿಸಲಿಲ್ಲ. ಅವರ ಕಾಲದ ಓದುಗರಿಗಿಂತ ಹೆಚ್ಚಿನ ಸಾಧನಗಳುಳ್ಳ ನಾವು ಅದಕ್ಕಿಂತ ಕಡಮೆಯದನ್ನು ಒಪ್ಪಿಕೊಳ್ಳಬೇಕಾದ ಕಾರಣವಿಲ್ಲ. ಇದು ಬೈಬಲ್ಲಿಗೆ ಮಾತ್ರವಲ್ಲ, ನಮ್ಮ ಮನೆಗಳ ದೇವರಗೂಡಿನಲ್ಲಿಟ್ಟು ಓದುವ ರಾಮಾಯಣ, ಭಾರತ, ಗೀತೆಗಳ ಕನ್ನಡ ತಾತ್ಪರ್ಯಗಳಿಗೂ ಸಲ್ಲುವ ಮಾತೆಂದು ನನ್ನ ಭಾವನೆ.